ಒಂದು ಗಂಟೆಯ ಮಟ್ಟಿಗೆ

"ಒಂದೇ ಒಂದು ಗಂಟೆ," ಮೆಟ್ಟಿಲ ತಿರುವಿನಲ್ಲಿ ನಿಂತು ತಾಯಿ ಪಿಸುಗುಟ್ಟಿದಳು. "ಒಳಗೆ ಹಳೇ ಮಾತೇ ಆಡ್ತೀನಿ. ಹಲ್ಲು ಕಚ್ಕೊಂಡು ಇದ್ಬಿಡು ಕಂದಾ. ಶನಿವಾರದೊಳಗೆ ಈಗಿರೋ ಮನೆ ಬಿಡ್ಬೇಕು."

"ಸರಿ ಅಮ್ಮ." ಹತ್ತೊಂಬತ್ತು ವರ್ಷದ ಮಗು ಶರಟಿನ ಮೇಲಿನ ಗುಂಡಿ ಹಾಕಿಕೊಂಡಿತು.

ಎಂಟು ತಿಂಗಳ ಹಿಂದೆ, "ನನ್ನನ್ನ ಅವಳು ಅನ್ಬೇಡ, ಅವನು ಅಂತಲೂ ಬೇಡ, ಅವರು ಅನ್ನು" ಎಂದು ಮಗು ಕೇಳಿಕೊಂಡಾಗ ತಾಯಿ ನಕ್ಕುಬಿಟ್ಟಿದ್ದಳು. "ಓಹೋ, ದೊಡ್ಡ ಮನುಷ್ಯರು! ಕುರ್ಚಿ ಹಾಕ್ಲಾ?" ಮಗು ನಕ್ಕಿರಲಿಲ್ಲ. ಅಂದಿನಿಂದ ಬಾಯಿತುದಿಗೆ ಬಂದ ಬಾರೇ, ಹೋಗೇಗಳನ್ನೆಲ್ಲ ನುಂಗಿಕೊಂಡು, 'ಮಗು' ಎಂಬ ಮಾತಿನ ಹಿಂದೆ ಅಡಗಿ ದಿನ ದೂಡಿದ್ದಳು. ಅವರು ಎನ್ನಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ಬಾಗಿಲು ತೆರೆದ ಮನೆಯೊಡತಿಯ ಕೊರಳಲ್ಲಿ ಕನ್ನಡಕ ತೂಗುತ್ತಿತ್ತು, ಬೆರಳಲ್ಲಿ ಬೀಗದಕೈ. ಎರಡು ಕೋಣೆ, ಹೊಸ ಬಣ್ಣದ ವಾಸನೆ, ಹಿಂದಿನವರು ಬಿಟ್ಟುಹೋದ ಒಂದು ಮೇಜು. ತಾಯಿ ಅಡುಗೆ ಮಾಡುವ ಆಸ್ಪತ್ರೆಗೆ ಇಲ್ಲಿಂದ ನಡೆದೇ ಹೋಗಬಹುದು. ಅವಳು ಮನಸ್ಸಿನಲ್ಲಿ ಆಗಲೇ ಮಂಚ ಹಾಕಿಬಿಟ್ಟಿದ್ದಳು.

"ಯಾರ್ಯಾರು ಇರ್ತೀರಿ?"

"ನಾನು, ನನ್ನ ಮಗು. ಇಬ್ರೇ."

"ಇಷ್ಟೆತ್ತರದ ಮಗುವಾ!" ಕನ್ನಡಕ ಮೂಗಿಗೇರಿತು. ನೋಟ ಕತ್ತರಿಸಿದ ಕೂದಲಿನಿಂದ ಬೂಟಿನವರೆಗೆ ಇಳಿದು, ಮತ್ತೆ ಮೇಲೆ ಹತ್ತಿತು. "ಮಗನೋ ಮಗಳೋ?"

ಇದೇ ಪ್ರಶ್ನೆಗೆ ತಾಯಿ ತಡವರಿಸಿದ್ದಕ್ಕೇ ಹಿಂದಿನ ಎರಡು ಮನೆ ಕೈತಪ್ಪಿದ್ದವು.

"ಮಗಳು," ಎಂದಳು ಥಟ್ಟನೆ. "ಅವಳು ಕನ್ನಡಕದಂಗಡೀಲಿ ಕೆಲಸ ಮಾಡ್ತಾಳೆ. ತುಂಬಾ ಸಾಧು."

ಮಗು ಅಡುಗೆಮನೆಗೆ ನಡೆಯಿತು. ನಲ್ಲಿ ತಿರುಗಿಸಿದ ಸದ್ದು. ನೀರು ಸುಮ್ಮನೆ ಸುರಿಯತೊಡಗಿತು.

ಮನೆಯೊಡತಿಯ ಮುಖ ಸಡಿಲವಾಯಿತು. "ಈಗಿನ ಹುಡುಗೀರ ವೇಷ ನೋಡಿದ್ರೆ ಗೊತ್ತೇ ಆಗಲ್ಲ ಬಿಡಿ. ನಿಮ್ಮ ಯಜಮಾನ್ರು?"

"ಅವರು ಹೋಗಿ ಎರಡು ವರ್ಷ ಆಯ್ತು."

ಎಷ್ಟು ಸಲೀಸಾಗಿ ಬಂದುಬಿಟ್ಟಿತು! ಗಂಡ ಸಿಟ್ಟಿನಲ್ಲಿ ಪಿಂಗಾಣಿ ತಟ್ಟೆ ಎಸೆದ ದಿನವೂ 'ಅವರು' ಎನ್ನುವುದನ್ನು ಅವಳು ತಪ್ಪಿಸಿರಲಿಲ್ಲ. ನೆಲದ ಮೇಲಿನ ಚೂರುಗಳನ್ನು ಹೆಕ್ಕಿದ್ದು ಮಾತ್ರ ಒಳಗೆ ನಲ್ಲಿ ಬಿಟ್ಟುಕೊಂಡು ನಿಂತಿರುವ ಈ ಮಗು.

"ಹಾಗಾದ್ರೆ ಶುಕ್ರವಾರವೇ ಬನ್ನಿ." ಬೀಗದಕೈ ಮುಂದೆ ಬಂತು.

ತಾಯಿಯ ಕೈ ಏಳಲಿಲ್ಲ. "ಅಮ್ಮಾ, ಆಗ್ಲೇ ಸುಳ್ಳು ಹೇಳ್ದೆ. ಅವಳು ಅಂದ್ರೆ ನನ್ನ ಮಗೂಗೆ ನೋವಾಗುತ್ತೆ. ಅವನು ಅಂದ್ರೂ ಅಷ್ಟೇ. ಅವರು ಅನ್ಬೇಕು." ಅಡುಗೆಮನೆಯತ್ತ ನೋಡಿದಳು. "ಅವರು... ಒಳಗಿದ್ದಾರೆ. ಅವರಿಗೂ ಸೇರಿಸೇ ನಾನು ಮನೆ ಕೇಳ್ತಿರೋದು."

"ಹೆತ್ತ ಮಗೂಗೆ ಅವರು ಇವರು ಅಂತಾರೇನ್ರೀ?" ಬೀಗದಕೈ ಮೇಜಿನ ಮೇಲೆ ಕೂತಿತು. ಅದರ ಮೇಲಿನ ಬೆರಳು ಸರಿಯಲಿಲ್ಲ. "ಅಕ್ಕಪಕ್ಕದವರು ಕೇಳಿದ್ರೆ ನಾನೇನು ಹೇಳ್ಲಿ?"

"ನೀವು ಹೇಳ್ಬೇಡಿ. ನಾನೇ ಹೇಳ್ತೀನಿ."

ಒಳಗೆ ನೀರು ನಿಂತಿತು. ಅವರು ಹೊರಬಂದು, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ತಾಯಿಯ ಪಕ್ಕದಲ್ಲಿ ನಿಂತರು.

"ಸಿಂಕಿನ ಕೆಳಗೆ ಸೋರ್ತಿದೆ. ವಾಷರ್ ಬದಲಾಯಿಸಿದ್ರೆ ಸಾಕು."

ಮನೆಯೊಡತಿ ಕನ್ನಡಕ ತೆಗೆದು, ಎರಡೂ ಕೈಯಲ್ಲಿ ಹಿಡಿದು ಗಾಜು ಒರೆಸತೊಡಗಿದಳು. ಒಂದು ಮುಗಿಸಿ, ಇನ್ನೊಂದು. ಬೀಗದಕೈ ಮೇಜಿನ ನಡುವೆ ಒಂಟಿಯಾಗಿತ್ತು; ಅವಳು ಅದನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.