ಪಾನಾ ಅಕ್ಕನ ಕೈಗೆ ತಕ್ಕ ಹಿಡಿ

ಮೇಲಿನ ಕಪಾಟಿನಿಂದ ಬಟ್ಟೆಯ ಥಾನು ಇಳಿಸಬೇಕಿತ್ತು. ಏಣಿ ಹಿತ್ತಲಲ್ಲಿತ್ತು. ಅಷ್ಟು ದೂರ ಯಾರು ಹೋಗುತ್ತಾರೆ ಎಂದು ಟೈಲರು ಚಕ್ರವಿರುವ ಕುರ್ಚಿಯ ಮೇಲೆ ಹತ್ತಿದರು. ಕುರ್ಚಿ ಒಂದು ಕಡೆ ಹೋಯಿತು, ಅವರು ಇನ್ನೊಂದು ಕಡೆ ಹೋದರು. ಕೈಯೂರಿ ಬಿದ್ದದ್ದರಿಂದ ಎರಡೂ ಮಣಿಕಟ್ಟು ಮುರಿದವು. ಮೊಣಕೈಯಿಂದ ಬೆರಳಿನ ಬುಡದವರೆಗೆ ಪ್ಲಾಸ್ಟರು ಹಾಕಿಸಿಕೊಂಡು ಮನೆಗೆ ಬಂದವರು ನೋವಿನ ಸುದ್ದಿಯನ್ನೇ ಎತ್ತಲಿಲ್ಲ. "ನಾಳೆ ಗಡ್ಡಕ್ಕೆ ಏನೇ ಮಾಡೋದು?" ಎಂದು ಹೆಂಡತಿಯನ್ನು ಕೇಳಿದರು.

ಅದು ಸೋಗಿನ ಮಾತಲ್ಲ. ಒಂದು ದಿನ ಬಿಟ್ಟರೆ ಅವರ ಗಡ್ಡದ ಕೂದಲು ಚರ್ಮದೊಳಕ್ಕೇ ತಿರುಗಿ ಕತ್ತಿನ ತುಂಬ ಗುಳ್ಳೆ ಏಳುತ್ತಿದ್ದವು. ತಿರುವಿನ ಕ್ಷೌರದಂಗಡಿಗೆ ಒಮ್ಮೆ ಹೋಗಿಬಂದರು. ಆದರೆ ಆ ಕ್ಷೌರಿಕನಿಗೆ ಕತ್ತರಿಗಿಂತ ನಾಲಗೆ ಚುರುಕು. ಸಂಜೆಯ ಹೊತ್ತಿಗೆ ಕುರ್ಚಿಯ ಕತೆ ಕೈಕಾಲು ಮೂಡಿಸಿಕೊಂಡು ಬೀದಿಯೆಲ್ಲ ಸುತ್ತಿತ್ತು. ಟೈಲರು ಕುರ್ಚಿಯ ಮೇಲೆ ಕುಣಿಯುತ್ತಿದ್ದರು ಎಂಬಲ್ಲಿಗೆ ಅದು ಬಂದು ಮುಟ್ಟಿದ ಮೇಲೆ, ಇನ್ನು ಆ ಮೆಟ್ಟಿಲು ತುಳಿಯುವುದಿಲ್ಲ ಎಂದು ಅವರು ಶಪಥ ಮಾಡಿದರು. ಉಣಿಸುವುದು, ಗುಂಡಿ ಹಾಕುವುದು, ತಲೆ ತುರಿಸುವುದು ಎಲ್ಲದರ ಜೊತೆಗೆ ಗಡ್ಡವೂ ಹೆಂಡತಿಯ ಪಾಲಿಗೆ ಬಂತು.

ಅವಳು ಬಸ್ ಡಿಪೋದಲ್ಲಿ ಚಕ್ರ ಬಿಚ್ಚಿ ಹಾಕುವ ವಿಭಾಗದವಳು. ನಟ್ಟು ತಿರುಗಿಸುವ ಪಾನಾ ಸದಾ ಕೈಯಲ್ಲಿರುತ್ತಿದ್ದುದರಿಂದ ಅಲ್ಲಿ ಎಲ್ಲರೂ ಅವಳನ್ನು ಪಾನಾ ಅಕ್ಕ ಎಂದೇ ಕರೆಯುತ್ತಿದ್ದರು. ಹುಟ್ಟಿನಿಂದಲೇ ಕೈ ದೊಡ್ಡದು. ಡಿಪೋದ ಕೈಗವಸುಗಳಲ್ಲಿ ಅತಿ ದೊಡ್ಡ ಜೋಡಿ ಅವಳದು. ಮೈತುಂಬಿದ ಡ್ರೈವರುಗಳಿಗೂ ಅದು ಸಡಿಲವಾಗಿ, ತೊಟ್ಟು ನಗುತ್ತಿದ್ದರು. ಅಲ್ಲಿ ಅವಳಿಗೆ ಆ ಕೈಯ ಬಗ್ಗೆ ಹೆಮ್ಮೆಯೇ. ನಟ್ಟು ಬಿಗಿಯಾಯಿತೋ ಇಲ್ಲವೋ ಎನ್ನುವುದು ಅವಳಿಗೆ ಅಂಗೈಯಲ್ಲೇ ತಿಳಿಯುತ್ತಿತ್ತು. ಹೊರಗೆ ಮಾತ್ರ, ಯಾರಾದರೂ ಹೊಸಬರು ಎದುರಾದರೆ, ಕೈಗಳು ತಾವಾಗಿಯೇ ಚೀಲದ ಹಿಂದೆ ಸರಿದುಬಿಡುತ್ತಿದ್ದವು.

ಗಂಡನ ಸೇಫ್ಟಿ ರೇಜರಿನ ಹಿಡಿ ಪೆನ್ಸಿಲಿನಷ್ಟು ತೆಳ್ಳಗಿತ್ತು, ಗಿಡ್ಡಗಿತ್ತು. ಸೂಜಿಗೆ ದಾರ ಪೋಣಿಸುವ ಅವರ ಬೆರಳಿಗೆ ಅದು ಹೇಳಿ ಮಾಡಿಸಿದಂತಿತ್ತು. ಅವಳ ಅಂಗೈಯೊಳಗೆ ಮಾತ್ರ ಎಲ್ಲಿ ಹೋಯಿತು ಎಂದು ಹುಡುಕಬೇಕು. ಎರಡು ಬೆರಳಲ್ಲಿ ಚಿವುಟಿ ಹಿಡಿದರೆ ಬೆರಳು ಮರಗಟ್ಟುತ್ತಿತ್ತು, ಮುಷ್ಟಿಯಲ್ಲಿ ಹಿಡಿದರೆ ಸೋಪಿನ ನೊರೆಗೆ ಹಿಡಿ ಗಿರಕ್ಕನೆ ತಿರುಗುತ್ತಿತ್ತು. ಮೊದಲ ದಿನ ಕಿವಿಯ ಕೆಳಗೆ ರಕ್ತ ಬಂತು. ಮಾರನೆಯ ದಿನ ಗದ್ದದಲ್ಲಿ. ಟೈಲರು ಕಣ್ಣು ಮುಚ್ಚಿ, ಪ್ಲಾಸ್ಟರಿನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಸುಮ್ಮನೆ ಕೂರುವ ಜಾತಿಯವಳಲ್ಲ. ಡಿಪೋದಿಂದ ಸೈಕಲ್ ಟ್ಯೂಬಿನ ತುಂಡು ತಂದು ಹಿಡಿಗೆ ತೊಡಿಸಿದಳು. ಒಣಗಿದ್ದಾಗ ಬಿಗಿಯಾಗಿಯೇ ಇತ್ತು. ಬಿಸಿನೀರಿಗೆ ಅದ್ದಿದೊಡನೆ ರಬ್ಬರು ಒಂದು ದಿಕ್ಕಿಗೆ, ಹಿಡಿ ಒಂದು ದಿಕ್ಕಿಗೆ. ಬಟ್ಟೆಯ ಟೇಪು ಸುತ್ತಿದಳು. ಅದು ನೀರು ಕುಡಿದು ಮೆತ್ತಗಾಗಿ ಕೈಗೆಲ್ಲ ಅಂಟಿತು. ಕೆಲಸದಲ್ಲಿದ್ದಾಗಲೂ ಅದೇ ಚಿಂತೆ. ಬಸ್ಸಿನಡಿ ಮಲಗಿ ನಟ್ಟು ತಿರುಗಿಸುತ್ತಿದ್ದರೆ ಕಣ್ಣ ಮುಂದೆ ಗಂಡನ ಕತ್ತು ಬರುತ್ತಿತ್ತು. ಒಮ್ಮೆ ಬಿಗಿದ ಚಕ್ರವನ್ನೇ ಮತ್ತೆ ಬಿಗಿಯಲು ಹೋಗಿ ಮೇಸ್ತ್ರಿಯಿಂದ ಮಾತು ಕೇಳಿದಳು.

ಸಂಜೆ ಕೆಲಸ ಮುಗಿಸಿ ಅಂಗಡಿ ಅಂಗಡಿ ಅಲೆಯತೊಡಗಿದಳು. ಒಬ್ಬ ಪ್ಲಾಸ್ಟಿಕ್ ರೇಜರಿನ ಕಟ್ಟು ಮುಂದಿಟ್ಟ. ಅದು ಇನ್ನೂ ತೆಳ್ಳಗೆ. ಇನ್ನೊಬ್ಬ, ಹೆಂಗಸರಿಗೆಂದೇ ಬಂದಿದೆ ಎಂದು ಗುಲಾಬಿ ಬಣ್ಣದ್ದೊಂದನ್ನು ತೋರಿಸಿದ. ಅದು ಅವಳ ಕಿರುಬೆರಳಿಗಿಂತ ಗಿಡ್ಡ. ದೊಡ್ಡ ಅಂಗಡಿಯೊಂದರಲ್ಲಿ ಕೋಟು ತೊಟ್ಟ ಮಾರಾಟಗಾರ ಬಹಳ ಮರ್ಯಾದೆಯಿಂದ, ಯಜಮಾನರ ಕೈ ಎಷ್ಟು ದೊಡ್ಡದು ಎಂದು ವಿಚಾರಿಸಿದ. ಕೈ ನನ್ನದೇ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅವರದು ದೊಡ್ಡದೇ, ಆಳೂ ಎತ್ತರ ಎಂದುಬಿಟ್ಟಳು. ಅವಳ ಭುಜಕ್ಕೆ ಬರುವ ಗಂಡನನ್ನು ಹಾಗೆ ಬೆಳೆಸಿದ್ದಕ್ಕೆ ತಕ್ಕ ಶಾಸ್ತಿಯೂ ಆಯಿತು. ಆತ ಉದ್ದನೆಯ, ಭಾರದ, ಥಳಥಳ ಹೊಳೆಯುವ ರೇಜರೊಂದನ್ನು ಮಖಮಲ್ಲಿನ ಡಬ್ಬಿಯಲ್ಲಿಟ್ಟು ಕೊಟ್ಟ.

ಮಾರನೆಯ ಬೆಳಿಗ್ಗೆ ನೋಡಿದರೆ ಅದರಲ್ಲಿ ಬೆಳೆದದ್ದು ಉದ್ದ ಮಾತ್ರ, ದಪ್ಪ ಅಲ್ಲ. ಬಾಲದ ಭಾರಕ್ಕೆ ತಲೆ ಮೇಲೇಳುತ್ತಿತ್ತು. ಸ್ವಲ್ಪ ಒತ್ತಿದಳು. ಮೇಲ್ತುಟಿಯ ಅಂಚು ಕೊಯ್ದು ರಕ್ತ ಬಾಯಿಗಿಳಿಯಿತು. ಟೈಲರು ತಟ್ಟನೆ ತಲೆ ಹಿಂದಕ್ಕೆಳೆದರು.

"ಬಿಡು ಇನ್ನು. ಅದು ಚಕ್ರ ಬಿಚ್ಚೋ ಕೈ. ಮುಖಕ್ಕಲ್ಲ."

ಅವಳು ರೇಜರನ್ನು ಬಕೆಟ್ಟಿಗೆ ಹಾಕಿದಳು. ಟವೆಲನ್ನು ಅವರ ಹೆಗಲ ಮೇಲಿಟ್ಟು ಹೊರಟುಹೋದಳು. ಅರ್ಧ ಮುಖದ ನೊರೆ ಹಾಗೆಯೇ ಉಳಿಯಿತು.

ಬಸ್ಸು ಹಿಡಿಯದೆ ಡಿಪೋದವರೆಗೂ ನಡೆದಳು. ದಾರಿಯುದ್ದಕ್ಕೂ ಮನಸ್ಸು ಕುದಿಯುತ್ತಿತ್ತು. ಜಗತ್ತಿನವರೆಲ್ಲ ಅಂದ ಮಾತನ್ನು ಇಷ್ಟು ವರ್ಷ ಅನ್ನದೆ ಇದ್ದವರು ಅವರೊಬ್ಬರೇ. ಮದುವೆಯ ಮಾತುಕತೆಯ ದಿನ ಅವಳ ಕೈಯಲ್ಲಿದ್ದ ಲೋಟ ನೋಡಿ ಅತ್ತೆ, ಲೋಟ ಚಿಕ್ಕದಾಯಿತಲ್ಲ ಎಂದು ನಕ್ಕಿದ್ದಾಗಲೂ ಅವರು ನಕ್ಕಿರಲಿಲ್ಲ. ಈಗ ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂತೋ, ಇಲ್ಲ ನೋವಿಗೆ ಬಾಯಿಗೆ ಬಂದದ್ದು ಅಂದರೋ? ಮಧ್ಯಾಹ್ನದವರೆಗೂ ಅದನ್ನೇ ತಿರುವಿ ಹಾಕಿದಳು. ಆಮೇಲೆ, ಅರ್ಧ ಮುಖಕ್ಕೆ ಒಣಗಿದ ಸೋಪು ಮೆತ್ತಿಕೊಂಡು, ಒರೆಸಿಕೊಳ್ಳಲೂ ಆಗದೆ ಕೂತಿರುವ ಮನುಷ್ಯ ಕಣ್ಣಿಗೆ ಕಟ್ಟಿ ಇನ್ನಷ್ಟು ಚಡಪಡಿಸಿದಳು. ಮೇಸ್ತ್ರಿಗೆ ಹೇಳಿ ಬೇಗ ಹೊರಟಳು.

ಟೈಲರು ಬಾಗಿಲಲ್ಲೇ ನಿಂತಿದ್ದರು. ಗೋಡೆಗೆ ನೇತುಹಾಕಿದ ಟವೆಲಿಗೆ ಕೆನ್ನೆ ಉಜ್ಜಿ ಉಜ್ಜಿ ಹೇಗೋ ಸೋಪು ತೆಗೆದಿದ್ದರು. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕಪ್ಪಗೆ. ಕಾಲಿಗೆ ಚಪ್ಪಲಿ ಮೆಟ್ಟಿಕೊಂಡಿದ್ದರು.

"ನಡಿ, ನಾನೂ ಬರ್ತೀನಿ" ಎಂದರು.

"ಎಲ್ಲಿಗೆ? ಈ ಮುಖ ಇಟ್ಕೊಂಡಾ?"

"ರೇಜರು ಈ ಮುಖಕ್ಕೇ ತಾನೇ ಬೇಕಾಗಿರೋದು. ಅಳತೆಗೆ ಗಿರಾಕಿ ಬರ್ದೇ ಇದ್ರೆ ಅಂಗಿ ಹೊಲಿಯೋಕಾಗುತ್ತಾ?" ಎಂದರು. ನೆಲ ನೋಡುತ್ತಾ, "ಬೆಳಿಗ್ಗೆ ಆಡಿದ್ದು ತಪ್ಪು ಮಾತು" ಎಂದೂ ಸೇರಿಸಿದರು.

ಅವಳು ಬಾಗಿಲಿಗೆ ಬೀಗ ಹಾಕಿದಳು. ಮಾತು ಕೇಳಿಸಿತ್ತು. ಅದು ಒಳಗಿಳಿಯಲು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು.

ಪೇಟೆಯ ಹಿಂಬದಿಯಲ್ಲಿ ಕ್ಷೌರದಂಗಡಿಗಳಿಗೆ ಸಾಮಾನು ಮಾರುವ ಮಳಿಗೆಯೊಂದಿತ್ತು. ಕಿರಿದಾದ ಮೆಟ್ಟಿಲು, ಮೇಲೆ ಟಾಲ್ಕಮ್ ಪೌಡರಿನ ವಾಸನೆಯ ಕೋಣೆ. ಅದರ ಒಡತಿ ಕನ್ನಡಕವನ್ನು ಹಣೆಗೇರಿಸಿಕೊಂಡು ಬ್ರಷ್ಷುಗಳನ್ನು ಜೋಡಿಸುತ್ತಿದ್ದಳು. ಏನು ಬೇಕೆಂದು ಕೇಳುವುದಕ್ಕೆ ಮೊದಲೇ ಟೈಲರು, ನನ್ನ ಗಡ್ಡ, ಇವಳ ಕೈ, ಎರಡಕ್ಕೂ ಆಗುವ ಹಿಡಿ ಬೇಕು ಎಂದರು. ಕೈ ತೋರಿಸಮ್ಮ ಎಂದಳು ಒಡತಿ. ಪಾನಾ ಅಕ್ಕ ಕ್ಷಣಹೊತ್ತು ಚೀಲ ಹಿಡಿದುಕೊಂಡೇ ನಿಂತಳು. ಆಮೇಲೆ ಚೀಲವನ್ನು ಕೆಳಗಿಟ್ಟು, ಬೆರಳಗಲಿಸಿ ಎರಡೂ ಕೈಯನ್ನು ಗಾಜಿನ ಮೇಜಿನ ಮೇಲಿಟ್ಟಳು. ಒಡತಿ ನಗಲಿಲ್ಲ. ಹಾಗಾದರೆ ಉದ್ದ ಬೇಡ, ದಪ್ಪ ಬೇಕು ಎಂದು ಒಳಗೆ ಹೋಗಿ, ರೇಜರುಗಳ ಒಂದು ರಾಶಿಯನ್ನೇ ತಂದು ಸುರಿದಳು.

ಟೈಲರು ಸ್ಟೂಲಿನ ಮೇಲೆ ಕೂತು ಗದ್ದ ಮೇಲೆತ್ತಿದರು. ಬ್ಲೇಡಿಲ್ಲದ ರೇಜರನ್ನು ಒಂದಾದ ಮೇಲೊಂದರಂತೆ ಹೆಂಡತಿ ಅವರ ಕೆನ್ನೆಯ ಮೇಲೆ ಎಳೆದಳು. ಬೇರೆ ಗಿರಾಕಿಗಳು ಕೊಳ್ಳುವುದು ಬಿಟ್ಟು ನೋಡುತ್ತಾ ನಿಂತರು. ಅವಳ ಕಿವಿ ಬಿಸಿಯಾಯಿತು. ಟೈಲರಿಗೆ ಅದ್ಯಾವುದರ ಪರಿವೆಯೂ ಇಲ್ಲ. ಕಣ್ಣು ಮುಚ್ಚಿಕೊಂಡೇ, ಇದರಲ್ಲಿ ನಿನ್ನ ಕೈ ನಡುಗುತ್ತಿದೆ, ಇದರಲ್ಲಿ ಒತ್ತುತ್ತಿದ್ದೀಯ, ಬೇರೆ ತಗೋ ಎನ್ನುತ್ತಿದ್ದರು. ಮಗುವಿನ ಹೆಬ್ಬೆರಳಿನಷ್ಟೇ ದಪ್ಪವಿದ್ದದ್ದು ಸರಿಹೋಗಲಿಲ್ಲ. ನುಣುಪಾದ ಉಕ್ಕಿನದು ಒದ್ದೆ ಕೈಗೆ ನಿಲ್ಲಲಿಲ್ಲ. ಕೊನೆಗೆ ರಾಶಿಯ ಅಡಿಯಿಂದ ಮೋಟಾದ, ಮಂಕಾದ ಅಲ್ಯೂಮಿನಿಯಂ ಹಿಡಿಯೊಂದು ಸಿಕ್ಕಿತು. ಮೈತುಂಬ ಜಾರದಂತೆ ಕೊರೆದ ಆಳವಾದ ಗೀರು. ತಲೆಭಾಗ ಒಡೆದುಹೋಗಿತ್ತಂತೆ, ಹಿಡಿ ಮಾತ್ರ ಉಳಿದಿತ್ತು. ಮನೆಯ ರೇಜರಿನ ತಲೆಯನ್ನೇ ಇದಕ್ಕೆ ತಿರುಗಿಸಿ ಕೂರಿಸಬಹುದು ಎಂದಳು ಒಡತಿ. ಪಾನಾ ಅಕ್ಕ ಅದನ್ನು ಕೈಗೆತ್ತಿಕೊಂಡಳು. ಬೆರಳುಗಳು ತಾವೇ ಜಾಗ ಹುಡುಕಿಕೊಂಡು ಸುಮ್ಮನಾದವು. ಒದ್ದೆ ಮಾಡಿ ಹಿಡಿದಳು. ಅಲುಗಲಿಲ್ಲ.

ಮಾರನೆಯ ಬೆಳಿಗ್ಗೆ ಉಳಿದ ಅರ್ಧ ಮುಖದಿಂದಲೇ ಶುರುಮಾಡಿದಳು. ನೊರೆ ಮೆತ್ತಿದರೂ ಹಿಡಿ ಕೈಯಲ್ಲಿ ತಿರುಗಲಿಲ್ಲ. ಬ್ಲೇಡು ಕೂದಲನ್ನು ಮುಟ್ಟಿದ ಕರಕರ ಸದ್ದು, ಅದು ದಾಟಿದ ಮೇಲಿನ ಮೌನ, ಎರಡೂ ಹಿಡಿಯ ಮೂಲಕ ಅಂಗೈಗೆ ಬರುತ್ತಿದ್ದವು. ರಕ್ತ ಬರಲಿಲ್ಲ. ಟೈಲರು ಎಂದಿನಂತೆ ಉಸಿರು ಬಿಗಿಹಿಡಿದೇ ಕೂತಿದ್ದವರು, ಕತ್ತಿನ ಅರ್ಧಕ್ಕೆ ಬಂದಾಗ ಅದನ್ನು ಬಿಟ್ಟರು. ನಡುವೆ ಒಮ್ಮೆ ತೂಕಡಿಸಿದರು ಕೂಡ.

ಪ್ಲಾಸ್ಟರು ತೆಗೆದ ಮೇಲೆ ಅವರ ಮಣಿಕಟ್ಟು ಒಣಕಡ್ಡಿಯಂತಾಗಿತ್ತು. ಆದರೂ ಇನ್ನು ನಾನೇ ಮಾಡಿಕೊಳ್ಳುತ್ತೇನೆ ಎಂದರು. ಅವಳು ರೇಜರಿನ ತಲೆಯನ್ನು ಚಕ್ರದ ನಟ್ಟಿನಂತೆ ಬಿಗಿದಿದ್ದಳು. ಅದನ್ನು ಬಿಚ್ಚಲಾಗದೆ ಅವಳನ್ನೇ ಕರೆದರು. ಅವಳು ಬಿಚ್ಚಿ, ಹಳೆಯ ತೆಳ್ಳನೆಯ ಹಿಡಿಗೆ ಹಾಕಿ ಕೊಟ್ಟು, ಬಚ್ಚಲಿನ ಬಾಗಿಲಿಗೆ ಒರಗಿ ನಿಂತಳು. ಅವರು ನಿಧಾನಕ್ಕೆ, ಅಲ್ಲಲ್ಲಿ ತಪ್ಪಿಸುತ್ತಾ ಬೋಳಿಸಿಕೊಂಡರು. ಗದ್ದದಡಿ ಒಂದು ಪಟ್ಟಿ ಹಾಗೆಯೇ ಉಳಿಯಿತು. ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಹೊರಗೆ ಹೋದಳು, ಒಳಗೆ ಬಂದಳು, ಮತ್ತೆ ಹೋದಳು. ಗುಣವಾದದ್ದಕ್ಕೆ ಸಂತೋಷಪಡುವುದು ಬಿಟ್ಟು ಇದೇನು ಸಂಕಟ ಎಂದು ತನ್ನ ಮೇಲೇ ಸಿಟ್ಟು ಬಂತು. ಹಾಗೆಯೇ ಡಿಪೋಗೆ ಹೊರಟಳು.

ಸಂಜೆ ಬರುವಾಗ ಪೇಟೆಯ ಹಿಂಬದಿಯ ಆ ಮಳಿಗೆಯ ಮೆಟ್ಟಿಲು ಹತ್ತಿ, ಇನ್ನೊಂದು ರೇಜರ್ ತಲೆ ಕೊಂಡು ತಂದಳು. ದಪ್ಪ ಹಿಡಿಗೆ ಅದನ್ನು ಕೂರಿಸಿ ಕನ್ನಡಿಯ ಪಕ್ಕದಲ್ಲಿಟ್ಟಳು. ಟೈಲರು ಅದನ್ನು ನೋಡಿದರು. ಗದ್ದದಡಿ ಕೈಯಾಡಿಸಿಕೊಂಡರು.

"ಕತ್ತಿನ ಹತ್ರ ನಂಗೆ ಸರಿಯಾಗಿ ಕಾಣಲ್ಲ. ಭಾನುವಾರ ಭಾನುವಾರ ನೀನೇ ಮಾಡಿಬಿಡು."

"ಭಾನುವಾರದವರೆಗೆ ಅದನ್ನ ಹಾಗೇ ಬಿಡೋಕಾಗುತ್ತೇನ್ರೀ? ಗುಳ್ಳೆ ಏಳುತ್ತೆ" ಎಂದಳು ಅವಳು. ಬಿಸಿನೀರು ತರಲು ಆಗಲೇ ಅಡುಗೆಮನೆಯ ಕಡೆ ಹೊರಟಿದ್ದಳು.