ಇಪ್ಪತ್ತಮೂರು ಗಂಟು

"ಎಪ್ಪತ್ತೊಂದು... ಎಪ್ಪತ್ತೆರಡು... ಎಪ್ಪತ್ತಮೂರು..."

ಒಳಗಿನಿಂದ ಅವ್ವ ಎಣಿಸುವುದು ಕೇಳಿಸಿತು. ಚಪ್ಪಲಿ ಬಿಟ್ಟು ಹೊಸಿಲ ಮೇಲೆ ಕಾಲಿಟ್ಟ ತೇಜಶ್ರೀ ಅಲ್ಲೇ ನಿಂತಳು. ಶನಿವಾರದ ಮಧ್ಯಾಹ್ನ. ಮೊಳಕಾಲ್ಮೂರಿನ ಆ ಬೀದಿಯ ಮನೆಮನೆಯಲ್ಲೂ ಮಗ್ಗದ ಸದ್ದಿತ್ತು, ತಮ್ಮ ಮನೆಯದೊಂದು ಬಿಟ್ಟು. ಅಪ್ಪ ಹೊನ್ನೂರಸ್ವಾಮಿ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು, ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಊಟಕ್ಕೆ ಎಲೆ ಹಾಕಿಸಿಕೊಂಡವನ ಹಾಗೆ ಕಾಯುತ್ತ ಕೂತಿದ್ದ. ಅವ್ವ ಗಂಗಲಕ್ಷ್ಮಿ ನೂಲು ಸುತ್ತುವ ರಾಟೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಮಡಿಲಲ್ಲಿದ್ದ ಏನನ್ನೋ ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತಿದ್ದಳು.

ಅದು ತೇಜಶ್ರೀಯದೇ ಇ-ರೀಡರ್. ಅದನ್ನು ಒಯ್ಯಲೆಂದೇ ಅವಳು ಚಳ್ಳಕೆರೆಯಿಂದ ಬಸ್ಸು ಹತ್ತಿ ಬಂದಿದ್ದಳು.

ಚಳ್ಳಕೆರೆಯ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಅವಳಿಗೆ ಕೆಲಸ. ರೂಮಿಗೆ ಬಂದು ಫೋನು ಹಿಡಿದರೆ ಅನ್ನ ಸೀದ ವಾಸನೆ ಬರುವ ತನಕ ತಲೆ ಎತ್ತುತ್ತಿರಲಿಲ್ಲ. ತನ್ನ ಮೇಲೆ ತನಗೇ ಬೇಜಾರಾಗಿ, ಇನ್ನು ಮೇಲೆ ದಿನಾ ಓದಬೇಕೆಂದು ಪಣ ತೊಟ್ಟು, ಆ ಯಂತ್ರವನ್ನು ತರಿಸಿದ್ದಳು. ಕರೆ ಬರುವುದಿಲ್ಲ, ವಿಡಿಯೋ ಓಡುವುದಿಲ್ಲ, ಕಾಗದದ ಹಾಳೆಯಂತೆ ಕಣ್ಣಿಗೆ ತಂಪು. ಓದುವುದೊಂದು ಬಿಟ್ಟು ಅದರಲ್ಲಿ ಇನ್ನೇನೂ ಮಾಡಲಾಗದು. ಅದೇ ತೊಂದರೆಯಾಯಿತು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಮೊದಲ ದಿನವೇ ಒಂಬತ್ತು ಪುಸ್ತಕ ತುಂಬಿಕೊಂಡಳು, ಎರಡನೆಯ ದಿನ ಹನ್ನೆರಡು ಪುಟ ಓದಿದಳು, ಮೂರನೆಯ ದಿನ ತಲೆನೋವೆಂದಳು. ಅದು ಕಣ್ಣಿಗೆ ಬಿದ್ದಾಗಲೆಲ್ಲ ನಾಚಿಕೆಯಾಗುತ್ತಿತ್ತು. ಕಳೆದ ತಿಂಗಳು ಊರಿಗೆ ಬಂದಾಗ ದೇವರ ಗೂಡಿನ ಪಕ್ಕದ ಹಲಗೆಯ ಮೇಲಿಟ್ಟು ಹೋಗಿದ್ದಳು. ಈಗ ಲ್ಯಾಬಿನ ಓಬಳೇಶ್ ತನಗೆ ಬೇಕೆಂದಿದ್ದ. ಸೋಮವಾರ ತಂದುಕೊಡುವುದಾಗಿ ಇವಳು ಮಾತು ಕೊಟ್ಟಿದ್ದಳು.

"ಏನಮ್ಮಾ, ಇಷ್ಟು ಜಲ್ದಿ ಬಂದೆ?" ಎಂದ ಅಪ್ಪ.

ಗಂಗಲಕ್ಷ್ಮಿ ಬೆಚ್ಚಿ ಸೆರಗನ್ನು ಮಡಿಲ ಮೇಲೆ ಎಳೆದುಕೊಂಡಳು. ಐವತ್ತು ದಾಟಿದ ಹೆಂಗಸು, ಬೆಲ್ಲ ಕದ್ದು ಸಿಕ್ಕಿಬಿದ್ದ ಹುಡುಗಿಯ ಹಾಗೆ ಕಂಡಳು.

"ಸುಮ್ನೆ ನೋಡ್ತಿದ್ದೆ ಕಣೆ. ಏನೂ ಹಾಳು ಮಾಡಿಲ್ಲ. ಕೈ ತೊಳ್ಕಂಡೇ ಮುಟ್ಟೀನಿ."

"ಹಾಳಾದ್ರೆ ಆಗ್ಲಿ ಬಿಡವ್ವ, ನಾನೇನು ಓದ್ತೀನಾ? ನಮ್ಮ ಲ್ಯಾಬಲ್ಲಿ ಓಬಳೇಶಣ್ಣ ಕೇಳಿದ್ರು, ಕೊಟ್ಬಿಡ್ತೀನಿ ಅಂದೀನಿ. ಅದನ್ನ ತಗಂಡು ಹೋಗಾಕೇ ಬಂದೆ."

ಅಪ್ಪ ಕೆಮ್ಮಿದ. ಅವ್ವ ಸೆರಗಿನ ತುದಿಯಿಂದ ಯಂತ್ರದ ಮೇಲ್ಮೈಯನ್ನು ಒಂದು ಸಲ ಒರೆಸಿದಳು. "ಇರು, ಮುಚ್ಚಿ ಕೊಡ್ತೀನಿ" ಎಂದು ಮತ್ತೆ ಬೆರಳಿನಿಂದ ಮುಟ್ಟತೊಡಗಿದಳು. ಈಗ ಎಡಗಡೆಗೆ. "ಎಪ್ಪತ್ತೆರಡು... ಎಪ್ಪತ್ತೊಂದು... ಎಪ್ಪತ್ತು..."

"ಏನ್ಮಾಡ್ತಿದೀಯವ್ವ?"

"ಮುಚ್ತಿದೀನಿ."

"ಏನು ಮುಚ್ತಿದೀಯ?"

"ಪುಸ್ತಕಾನ. ಓದಿದ ಪುಸ್ತಕ ತೆರೆದಿಟ್ಟು ಎದ್ದು ಹೋಗ್ತಾರೇನೆ? ವಿದ್ಯೆ ಹಾರಿ ಹೋಗ್ತೈತೆ ಅಂತ ನಮ್ಮ ಮೇಷ್ಟ್ರು ಹೇಳ್ತಿದ್ರು. ಇದಕ್ಕೆ ರಟ್ಟಿಲ್ಲ, ಹೆಂಗೆ ಮುಚ್ಚೋದು? ಅದಕ್ಕೆ ಒಂದೊಂದೇ ಹಾಳೆ ಹಿಂದಕ್ಕೆ ತಿರುವಿ ಹೆಸರಿರೋ ಹಾಳೆಗೆ ತರ್ತೀನಿ. ಅರವತ್ತೊಂಬತ್ತು..."

ತೇಜಶ್ರೀಗೆ ನಗು ಬಂತು. ನಗು ತುಟಿಗೆ ಬರುವಷ್ಟರಲ್ಲಿ ಅಪ್ಪ ಬಾಯಿ ಹಾಕಿದ.

"ಇವತ್ತು ಎಪ್ಪತ್ತಮೂರಕ್ಕೇ ನಿಂತಳಲ್ಲ, ಸುಲಭ. ನಿನ್ನೆ ಇನ್ನೂರ ಮೂವತ್ತು ಹಾಳೆ ಹಿಂದಕ್ಕೆ ತಿರುವ್ಯಾಳೆ. ಇವತ್ತು ಓದ್ಬೇಕಂದ್ರೆ ಮತ್ತೆ ಅಷ್ಟೂ ಮುಂದಕ್ಕೆ ಹೋಗ್ಬೇಕು. ಬೆರಳು ಸವೆದ್ರೂ ಬಿಡಲ್ಲ ನಿಮ್ಮವ್ವ."

"ಇನ್ನೂರ ಮೂವತ್ತಾ?"

"ನೋಡಲ್ಲಿ" ಎಂದು ಅಪ್ಪ ಲಾಳಿಯಿಂದಲೇ ತೋರಿಸಿದ. ರಾಟೆಯ ಗೂಟಕ್ಕೆ ಒಂದು ಕೆಂಪು ರೇಷ್ಮೆ ಎಳೆ ಕಟ್ಟಿತ್ತು. ಅದರ ಉದ್ದಕ್ಕೂ ಗಂಟುಗಳು. ಸೀರೆಯ ಬುಟ್ಟಾ ಸಾಲುಗಳ ಲೆಕ್ಕ ತಪ್ಪದಿರಲೆಂದು ಆ ಮನೆಯಲ್ಲಿ ಸಾಲಿಗೊಂದು ಗಂಟು ಹಾಕುವುದು ರೂಢಿ. ತೇಜಶ್ರೀ ಹುಟ್ಟಿದಾಗಿನಿಂದ ಕಂಡದ್ದು. ಆದರೆ ಅಂಥ ದಾರ ಇರುತ್ತಿದ್ದದ್ದು ಮಗ್ಗದ ಕಂಬದಲ್ಲಿ, ಅವ್ವನ ರಾಟೆಯಲ್ಲಲ್ಲ.

"ಹತ್ತು ಹಾಳೆಗೊಂದು ಗಂಟು" ಎಂದಳು ಅವ್ವ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. "ದಿನಕ್ಕೆ ಹತ್ತೇ. ಜಾಸ್ತಿ ಓದಿದ್ರೆ ಕಂಡಿಕೆಗೆ ನೂಲು ಯಾರು ಸುತ್ತಾರೆ?"

ತೇಜಶ್ರೀ ಗೂಟದ ಬಳಿ ಕೂತು ಗಂಟುಗಳನ್ನು ಬೆರಳಲ್ಲಿ ಹಿಡಿದು ಎಣಿಸಿದಳು. ಇಪ್ಪತ್ತಮೂರು. ಇಪ್ಪತ್ತಮೂರು ದಿನ, ಒಂದು ದಿನವೂ ತಪ್ಪಿಲ್ಲ. ತಾನು ಹನ್ನೆರಡು ಪುಟಕ್ಕೆ ಸುಸ್ತಾದ ಪುಸ್ತಕ, ಒಬ್ಬ ಸೂಲಗಿತ್ತಿಯ ಕಥೆ.

"ಇವಳು ಓದೋವಾಗ ನಾನು ಮಗ್ಗ ನಿಲ್ಲಿಸ್ತೀನಿ. ಸದ್ದಿಗೆ ಕೇಳಲ್ಲ ನೋಡು" ಎಂದ ಅಪ್ಪ. "ನಾಲ್ಕು ಬೆರಳು ನೇಯ್ಗೆ ಕಮ್ಮಿ ಆಗ್ತೈತೆ, ಆಗ್ಲಿ. ನಿನ್ನೆ ಆ ಸೂಲಗಿತ್ತಿ ತುಂಬಿದ ಹಳ್ಳದ ಈಚೆ ನಿಂತ್ಬಿಟ್ಟಳು. ಆಚೆ ದಂಡೆ ಮನೇಲಿ ಬಸುರಿ ನರಳ್ತಾವ್ಳೆ. ದಾಟಿದಳೋ ಇಲ್ವೋ ಅಂತ..."

"ನೀವು ಸುಮ್ನಿರ್ರಿ" ಎಂದು ಅವ್ವ ಗದರಿದಳು. "ಮಗಳು ಮಾತು ಕೊಟ್ಟಾಳೆ. ದಾಟಿರ್ತಾಳೆ ಬಿಡ್ರಿ." ಆಮೇಲೆ ಮಗಳತ್ತ ತಿರುಗಿ ಮೆತ್ತಗೆ ಹೇಳಿದಳು: "ನೀನು ಮರೆತು ಬಿಟ್ಟುಹೋಗಿದ್ದು ನನ್ನ ಪುಣ್ಯ ಕಣವ್ವ. ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿ ರಾಟೆ ಮುಂದೆ ಕೂರಿಸಿದ್ರಲ್ಲ, ಆಮೇಲೆ ನಾನು ಓದಿದ್ದು ಬಸ್ಸಿನ ಬೋರ್ಡು, ಮದುವೆ ಕಾಗದ, ಅಷ್ಟೆ. ಸಣ್ಣ ಅಕ್ಷರ ಕಾಣಲ್ಲ ಅಂತ ಇದನ್ನೂ ಇಟ್ಬಿಡೋಳಿದ್ದೆ. ಎಲ್ಲೋ ಬೆರಳು ತಾಗಿ ಅಕ್ಷರ ದಪ್ಪ ಆಗೋಯ್ತು. ಇಷ್ಟು ದಿನ ಓದಿದ್ನಲ್ಲ, ಸಾಕು. ತಗಂಡು ಹೋಗು."

ಸಾಕು ಎಂದವಳ ಬೆರಳು ಮಾತ್ರ ಯಂತ್ರದ ಅಂಚನ್ನು ಬಿಟ್ಟಿರಲಿಲ್ಲ.

ತೇಜಶ್ರೀ ಆ ಬೆರಳನ್ನೇ ನೋಡಿದಳು. ಇದೇ ರಾಟೆಯಲ್ಲಿ ಇದೇ ಬೆರಳು ಸುತ್ತಿದ ಕಂಡಿಕೆಗಳಿಂದ ಅವಳ ಕಾಲೇಜಾಯಿತು, ಲ್ಯಾಬಿನ ಕೋರ್ಸಾಯಿತು. ಪರೀಕ್ಷೆಯ ದಿನಗಳಲ್ಲಿ ಇವಳು ಓದುತ್ತ ಕೂತರೆ ಅವ್ವ ರಾಟೆಯ ಸದ್ದಾಗಬಾರದೆಂದು ಕೆಲಸವನ್ನು ಪಕ್ಕದ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಒಂದು ದಿನವಾದರೂ "ಅವ್ವ, ನಿನಗೂ ಓದಬೇಕು ಅನ್ನಿಸ್ತೈತಾ?" ಎಂದು ತಾನು ಕೇಳಿರಲಿಲ್ಲ. ಕೇಳದೆಯೇ ಕೊಟ್ಟ ಹಾಗಾಯಿತಲ್ಲ, ತನ್ನ ಸೋಮಾರಿತನವೂ ಒಂದು ಉಪಕಾರ ಮಾಡಿತಲ್ಲ ಎಂದು ಅವಳು ದೇವರ ಗೂಡಿನ ಕಡೆ ನೋಡಿ ಮನಸ್ಸಿನಲ್ಲೇ ಕೈ ಮುಗಿದಳು.

ಆಮೇಲೆ ಫೋನು ತೆಗೆದು ಓಬಳೇಶನಿಗೆ ಕರೆ ಮಾಡಿದಳು.

"ಅಣ್ಣ, ಬೇಜಾರು ಮಾಡ್ಕಬ್ಯಾಡ್ರಿ. ಅದನ್ನ ಕೊಡಾಕಾಗಲ್ಲ. ನಮ್ಮನೇಲಿ ಓದ್ತಾವ್ರೆ." ಆ ಕಡೆಯಿಂದ ಏನೋ ಕೇಳಿರಬೇಕು. "ನಮ್ಮವ್ವ" ಎಂದಳು. ಹಾಗೆನ್ನುವಾಗ ಅವಳ ದನಿಯಲ್ಲಿ ಎಂಥ ಜಂಬವಿತ್ತೆಂದರೆ ಅಪ್ಪ ಲಾಳಿಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕ.

ಗಂಗಲಕ್ಷ್ಮಿ ಬೇಡವೆಂದಳು, ಕೊಟ್ಟ ಮಾತು ತಪ್ಪಬಾರದೆಂದಳು. ಆದರೆ ಆ ಮಾತುಗಳಲ್ಲಿ ಅಂಥ ಬಲವೇನೂ ಇರಲಿಲ್ಲ.

"ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕಬ್ಯಾಡ" ಎಂದಳು ತೇಜಶ್ರೀ. "ಇದನ್ನ ಹಿಂದಕ್ಕೆ ತಿರುವಾದೇ ಬೇಕಿಲ್ಲವ್ವ. ಓದಿದ ಜಾಗ ಅದೇ ನೆನಪಿಟ್ಕಂತೈತೆ. ಬಿಟ್ಟಲ್ಲಿಂದಲೇ ತೆರೀತೈತೆ."

ಅವ್ವ ಯಂತ್ರವನ್ನು ನೋಡಿದಳು, ದಾರವನ್ನು ನೋಡಿದಳು, ಕೊನೆಗೆ ತನ್ನ ತೋರುಬೆರಳನ್ನು ನೋಡಿಕೊಂಡಳು. ಅಪ್ಪ ಗುಣಿಯೊಳಗೆ ಬೀಳುವ ಹಾಗೆ ನಕ್ಕ. "ಅಯ್ಯೋ ನಿನ್ನ! ಇಪ್ಪತ್ತಮೂರು ದಿನ ಹೋಗೋದೂ ಬರೋದೂ ಮಾಡಿದ್ಯಲ್ಲೇ! ಅಷ್ಟು ನಡೆದಿದ್ರೆ ಬಿ.ಜಿ. ಕೆರೆ ಮುಟ್ತಿದ್ದೆ!"

"ನೆನಪಿಟ್ಕಂಡ್ರೆ ಇಟ್ಕಳ್ಳಿ" ಎಂದಳು ಅವ್ವ, ತಾನೂ ನಗುತ್ತ. "ತೆರೆದಿಟ್ಟು ಏಳಾಕೆ ನನಗೆ ಮನಸ್ಸು ಬರಲ್ಲ."

ಆ ದಿನದ ಎಣಿಕೆ ಮೊದಲಿನಿಂದ ನಡೆಯಿತು. ಇನ್ನೂರ ಮೂವತ್ತಕ್ಕೆ ಮುಟ್ಟಿದಾಗ ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡ. ಅವ್ವ ಅಕ್ಷರಗಳ ಮೇಲೆ ಬೆರಳಿಟ್ಟು, ಒತ್ತಕ್ಷರ ಬಂದಲ್ಲಿ ತಡೆದು, ಗಟ್ಟಿಯಾಗಿ ಓದಿದಳು. ತೇಜಶ್ರೀ ಗೋಡೆಗೊರಗಿ ಕೇಳಿದಳು. ಬ್ಯಾಗಿನಲ್ಲಿ ಫೋನು ಎರಡು ಸಲ ಸದ್ದು ಮಾಡಿತು, ಅವಳು ಏಳಲಿಲ್ಲ. ಸೂಲಗಿತ್ತಿ ಒಂದು ಸೀರೆಯನ್ನು ಮರಕ್ಕೆ ಕಟ್ಟಿ, ಅದನ್ನು ಹಿಡಿದುಕೊಂಡು ಹಳ್ಳ ದಾಟಿದಳು. ಅಪ್ಪ "ಭೇಷ್" ಎಂದು ಲಾಳಿ ಎತ್ತಿಕೊಂಡ. ಅವ್ವ ಇಪ್ಪತ್ತನಾಲ್ಕನೆಯ ಗಂಟು ಹಾಕಿ, ಅಷ್ಟೂ ಹಾಳೆ ಹಿಂದಕ್ಕೆ ತಿರುವಿ, ಯಂತ್ರವನ್ನು ಕಣ್ಣಿಗೊತ್ತಿಕೊಂಡಳು.

"ಅವ್ವ, ನನಗೂ ಒಂದು ದಾರ ಕೊಡು."

"ನಿನಗ್ಯಾಕೆ? ಅದೇ ನೆನಪಿಟ್ಕಂತೈತೆ ಅಂದ್ಯಲ್ಲ."

"ಅದು ಒಬ್ಬರ ಜಾಗ ಮಾತ್ರ ಇಟ್ಕಂತೈತೆ. ಈಗ ಇಬ್ಬರಾದ್ವಿ. ಇದು ಇಲ್ಲೇ ಇರ್ಲಿ, ಶನಿವಾರ ಶನಿವಾರ ಬಂದು ನಾನೂ ಓದ್ತೀನಿ."

ಗಂಗಲಕ್ಷ್ಮಿ ಬುಟ್ಟಿಯಲ್ಲಿ ಕೈಯಾಡಿಸಿ ಒಂದು ಹಸಿರು ಎಳೆ ಹುಡುಕಿ, ಹಲ್ಲಿನಿಂದ ಕಡಿದು, ಕೆಂಪು ದಾರದ ಪಕ್ಕದಲ್ಲೇ ಗೂಟಕ್ಕೆ ಕಟ್ಟಿಕೊಟ್ಟಳು. ಆಮೇಲೆ ರಾಟೆಯ ಮುಂದೆ ಕೂತವಳು, ಅದನ್ನು ತಿರುಗಿಸಲು ಹೋಗಿ, ಕೈ ತಡೆದಳು.

"ತಿರುಗಿಸವ್ವ" ಎಂದಳು ತೇಜಶ್ರೀ. "ಆ ಸದ್ದು ಇದ್ರೇನೇ ಚೆಂದ."

ರಾಟೆ ತಿರುಗಿತು, ಮಗ್ಗ ಶುರುವಾಯಿತು. ತೇಜಶ್ರೀ ಮೊದಲ ಪುಟದಿಂದ ಓದತೊಡಗಿದಳು. ಬಿಸಿಲು ಹೊಸಿಲು ದಾಟಿ ಹೊರಗೆ ಹೋಗುವ ಹೊತ್ತಿಗೆ ಹತ್ತು ಹಾಳೆ ಮುಗಿದಿತ್ತು. ಹಸಿರು ದಾರಕ್ಕೆ ಒಂದು ಗಂಟು ಬಿಗಿದಳು. ನಂತರ ಚಾಪೆಯ ಮೇಲೆ ಸರಿಯಾಗಿ ಕೂತು, ತೋರುಬೆರಳನ್ನು ಎಡಗಡೆಗೆ ಇಟ್ಟು, ಪುಸ್ತಕ ಮುಚ್ಚತೊಡಗಿದಳು.

"ಹತ್ತು... ಒಂಬತ್ತು... ಎಂಟು..."