ಹತ್ತನೇ ಮನೆಯ ಹೆಡ್‌ಸೆಟ್ಟು

ಒಂದು ಮನೆ. ಒಂದೇ ಒಂದು ಮನೆಯವರು ಕೊಂಡುಕೊಂಡರೆ ಸಾಕಿತ್ತು.

ನಮ್ಮ ಕಂಪನಿಯ ವಿ.ಆರ್. ಹೆಡ್‌ಸೆಟ್ಟನ್ನು ಹತ್ತು ಮನೆಗಳಿಗೆ ಒಂದು ತಿಂಗಳ ಮಟ್ಟಿಗೆ ಪುಕ್ಕಟೆಯಾಗಿ ಕೊಟ್ಟಿದ್ದೆವು. ಕಣ್ಣಿಗೆ ಕಟ್ಟಿಕೊಂಡರೆ ಆಟದೊಳಗೇ ಹೊಕ್ಕಂತಾಗುವ ಆ ಕಪ್ಪು ಡಬ್ಬಿಯನ್ನು ತಿಂಗಳ ಕೊನೆಗೆ ಒಬ್ಬರಾದರೂ ಕೊಳ್ಳದಿದ್ದರೆ ನಮ್ಮ ವಿಭಾಗಕ್ಕೆ ಬೀಗ, ನನಗೆ ದೂರು ವಿಭಾಗದ ಫೋನು. ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಇದನ್ನು ನಗುನಗುತ್ತಲೇ ಹೇಳಿದ್ದರು. ಅವರು ನಗುನಗುತ್ತ ಹೇಳಿದ್ದೆಲ್ಲ ಆಗಿಯೇ ತೀರುತ್ತದೆ.

ಒಂಬತ್ತು ಮನೆಯವರು ಆಗಲೇ ವಾಪಸ್ ಕೊಟ್ಟಿದ್ದರು. ಮೊದಲ ವಾರ ನೆಂಟರಿಗೆಲ್ಲ ತೋರಿಸಿ, ಎರಡನೇ ವಾರ ಫ್ರಿಜ್ಜಿನ ಮೇಲಿಟ್ಟು, ಮೂರನೇ ವಾರ ಅದಕ್ಕೊಂದು ಟೋಪಿ ನೇತುಹಾಕಿದವರೇ ಹೆಚ್ಚು. ಒಬ್ಬೊಬ್ಬರದು ಒಂದೊಂದು ರಾಗ. ಬ್ಯಾಂಕಿನ ಕ್ಯಾಷಿಯರ್ ಮೂಗಿನಲ್ಲೇ ಮಾತಾಡುವ ಆಸಾಮಿ. "ಕತ್ತಿ ವರಸೆ ಆಟ ಚೆನ್ನಾಗಿದೆ ಸಾರ್. ನಮ್ ಟೀಪಾಯೀನೂ ಚೆನ್ನಾಗಿತ್ತು. ಅದು ಹೋಯ್ತು" ಎಂದರು. ಜಿಮ್ ಮಾಸ್ತರು ತೋಳು ತಟ್ಟಿಕೊಂಡು, "ಹುಲಿ ಬಂದ್ರೆ ಹೆದರಲ್ಲ ಗುರೂ, ತಲೆಸುತ್ತು ಬಂದ್ರೆ ಹೆದರ್ತೀನಿ" ಎಂದು ಡಬ್ಬಿಯನ್ನು ದೂರ ತಳ್ಳಿದರು. ಬ್ಯೂಟಿ ಪಾರ್ಲರಿನ ಒಡತಿ ಎಳೆದೆಳೆದು ಹೇಳಿದ್ದು ಇಷ್ಟು: "ಕೂದ್ಲು ಸೆಟ್ ಮಾಡೋಕೆ ಎರಡು ಗಂಟೇ. ನಿಮ್ಮ ಸೆಟ್ ಹಾಕಿದ್ರೆ ಎರಡೇ ನಿಮ್ಷ, ಎಲ್ಲಾ ಅಪ್‌ಸೆಟ್ಟೂ!"

ಉಳಿದದ್ದು ಹತ್ತನೇ ಮನೆ, ನನ್ನ ಅಕ್ಕನದು. ಬೇರೆ ಯಾರೂ ಸಿಗದೆ ಕೈಕಾಲು ಹಿಡಿದು ಅಲ್ಲಿಗೆ ಕೊಟ್ಟು ಬಂದಿದ್ದೆ. ಆದರೆ ಅಲ್ಲಿಂದ ಬರುತ್ತಿದ್ದ ಬಳಕೆಯ ಸಮಯದ ಲೆಕ್ಕ ನೋಡಿ ಆಫೀಸಿಗೆ ಆಫೀಸೇ ಬೆರಗಾಗಿತ್ತು. ದಿನಕ್ಕೆ ಎರಡೂವರೆ ಗಂಟೆ! ಒಂದು ದಿನವೂ ತಪ್ಪಿಲ್ಲ!

"ಯಾರ್ರೀ ಅದು ಆ ಮನೇಲಿ?" ಎಂದು ಕೊನೆಯ ದಿನ ಮೇಡಂ ತಾವೇ ಫಾರಂ ಹಿಡಿದು ನನ್ನ ಜೊತೆ ಹೊರಟರು.

ಬಾಗಿಲು ತೆರೆದವಳು ಅಕ್ಕನ ಮಗಳು. ತುಟಿಯ ಮೇಲೆ ಬೆರಳು. "ಷ್! ಮೆತ್ತಗೆ ಬಾ ಮಾಮ. ಅಮ್ಮ ಆಟದಲ್ಲಿದಾಳೆ."

"ನೀನು ಆಡಲ್ವೇನೇ?"

"ಎರಡು ದಿನ ಆಡ್ದೆ. ನನ್ ಫ್ರೆಂಡ್ಸ್ ಒಬ್ರೂ ಅದ್ರಲ್ಲಿಲ್ಲ. ಬೋರು."

ಒಳಗೆ ಭಾವ ತಮ್ಮ ಅಂಗಿಗೆ ತಾವೇ ಇಸ್ತ್ರಿ ಹಾಕುತ್ತಿದ್ದರು. ಮದುವೆಯಾಗಿ ಹದಿನಾರು ವರ್ಷಕ್ಕೆ ಆ ಕೈ ಇಸ್ತ್ರಿಪೆಟ್ಟಿಗೆ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. "ಏನ್ ಮಾಡೋದಯ್ಯ, ನಿಮ್ಮಕ್ಕ ಬಿಜಿ" ಎಂದರು.

ಅಕ್ಕ ಕಿಟಕಿ ಪಕ್ಕದ ಕುರ್ಚಿಯಲ್ಲಿ ಹೆಡ್‌ಸೆಟ್ ಕಟ್ಟಿಕೊಂಡು ಕೂತಿದ್ದಳು. ಕೈಗಳೆರಡೂ ಮಡಿಲಲ್ಲಿ. ಅವಳು ಆಸ್ಪತ್ರೆಯ ವಿಚಾರಣೆ ಕೌಂಟರಿನವಳು. ಎಕ್ಸ್‌ರೇ ಎಲ್ಲಿ, ಲಿಫ್ಟ್ ಎಲ್ಲಿ, ಡಾಕ್ಟರು ಯಾವಾಗ ಬರ್ತಾರೆ ಎಂಬ ಪ್ರಶ್ನೆಗಳಿಗೆ ದಿನವಿಡೀ ಉತ್ತರ ಹೇಳಿ ಮನೆಗೆ ಬಂದರೆ, ಕಾಲುಚೀಲ ಎಲ್ಲಿ, ಟವೆಲ್ ಎಲ್ಲಿ, ಊಟ ಯಾವಾಗ ಎನ್ನುವ ಇನ್ನೊಂದು ಕೌಂಟರು ಕಾದಿರುತ್ತಿತ್ತು.

ಆಫೀಸಿಗೆ ತಿಳಿಯುತ್ತಿದ್ದದ್ದು ಬಳಕೆಯ ಸಮಯ ಮಾತ್ರ. ಅವಳು ಏನು ಆಡುತ್ತಾಳೆಂದು ನೋಡಲು ಹೆಡ್‌ಸೆಟ್ಟನ್ನು ನನ್ನ ಫೋನಿಗೆ ಜೋಡಿಸಿದೆ. ಕೆರೆ. ಕೆರೆಯ ನಡುವೆ ದೋಣಿ. ಗಾಳ ದೋಣಿಯ ತಳದಲ್ಲಿ ಅಂಗಾತ ಮಲಗಿದೆ. ಬುಟ್ಟಿಯಲ್ಲಿ ಮೀನು: ಸೊನ್ನೆ. ತಿಂಗಳಿಡೀ ಕೂತು ಸೊನ್ನೆ!

ಬಗ್ಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದೆ: "ಅಕ್ಕಾ, ಒಂದ್ ಮೀನೂ ಹಿಡಿದಿಲ್ವಲ್ಲೇ!"

ಅವಳ ತುಟಿ ಅಲುಗಲಿಲ್ಲ. ಮಾತು ಮಾತ್ರ ಬಂತು. "ಮೀನು ಯಾರಿಗೆ ಬೇಕೋ? ಇದನ್ನ ಹಾಕ್ಕೊಂಡ್ರೆ ನನ್ನನ್ನ ಯಾರೂ ಏನೂ ಕೇಳಲ್ಲ. ಬಾಯಿ ಬಿಟ್ಟೀಯ, ಹುಷಾರ್!"

"ಎಷ್ಟನೇ ಹಂತದಲ್ಲಿದಾರೆ?" ಮೇಡಂ ಪೆನ್ನು ತೆರೆದರು.

ಫೋನನ್ನು ಜೇಬಿಗೆ ಇಳಿಸಿದೆ. "ಹನ್ನೊಂದು, ಮೇಡಂ."

ಭಾವನ ಇಸ್ತ್ರಿ ನಿಂತಲ್ಲೇ ನಿಂತಿತು. "ಹನ್ನೊಂದಾ! ನಾನು ಒಂದನೇದ್ರಲ್ಲೇ ನೀರಿಗೆ ಬಿದ್ದಿದ್ದೆ ಕಣಯ್ಯ!" ಎಂದವರೇ ಹೆಂಡತಿಯ ಕಡೆ ಎಂಥ ಹೆಮ್ಮೆಯಿಂದ ನೋಡಿದರೆಂದರೆ, ಅಂಗಿ ಸುಟ್ಟ ವಾಸನೆ ಮೊದಲು ಬಡಿದದ್ದು ಮಗಳ ಮೂಗಿಗೆ.

"ಹಾಗಾದ್ರೆ ಇಟ್ಕೊಳ್ತೀರಾ ಸಾರ್?" ಮೇಡಂ ಕೇಳಿದರು.

"ಇಟ್ಕೊಳ್ಳೋದೇನೋ ಸರಿ. ಆದ್ರೆ ಇವಳು ಇಷ್ಟು ಚೆನ್ನಾಗಿ ಆಡ್ತಾಳೆ, ನಾನೊಬ್ಬ ಹೊರಗೆ ಗೂಬೆ ಥರ ಕೂತಿರ್ತೀನಿ." ಭಾವ ನನ್ನ ಕಡೆ ತಿರುಗಿದರು. "ಎರಡು ತಗೊಂಡ್ರೆ ಇಬ್ರೂ ಒಂದೇ ದೋಣೀಲಿ ಕೂರಬಹುದೇನಯ್ಯ?"

ಕುರ್ಚಿಯ ಕೆಳಗಿನಿಂದ ಅಕ್ಕನ ಕಾಲು ಬಂದು ನನ್ನ ಕಾಲ ಮೇಲೆ ಕೂತಿತು. ಮೆಲ್ಲಗೆ ಅದುಮಿತು. ಈ ಕಡೆ ಮೇಡಂ ನಗುತ್ತಿದ್ದರು. ಅಕ್ಕನ ಕಾಲಿಗಿಂತ ಆ ನಗುವೇ ಹೆಚ್ಚು ಭಾರವಾಗಿತ್ತು.

"ಕೂರಬಹುದು, ಭಾವ."

ಮುಂದಿನ ಎರಡು ದಿನ ನಾನು ಕುಂಟಿಕೊಂಡೇ ಆಫೀಸಿಗೆ ಹೋದೆ. ಕುಂಟಿದರೇನು, ವಿಭಾಗ ಉಳಿದಿತ್ತು! ಒಂದು ಮಾರಾಟವಾದರೆ ಸಾಕಿದ್ದ ಕಡೆ ಎರಡಾಗಿತ್ತು. "ಜನಕ್ಕೆ ಹಿಡಿಸೇ ಹಿಡಿಸುತ್ತೆ ಅಂತ ನಾನು ಹೇಳಿರ್ಲಿಲ್ವಾ?" ಎಂದರು ಮೇಡಂ. ಹೇಳಿರಲಿಲ್ಲ.

ಮೂರನೇ ದಿನ ಸಂಜೆ ಅಕ್ಕನ ಫೋನು. ಹಿಂದೆ ಭಾವನ ದನಿ ತೇಲಿ ಬರುತ್ತಿತ್ತು. "ಏ, ಇದ್ಯಾವ ಮೀನೇ? ಆ ದಡದಲ್ಲಿ ಏನಿದೆ? ಗಾಳ ಹಿಂಗೆ ಹಿಡೀಬೇಕಾ? ಹನ್ನೊಂದನೇ ಹಂತದಲ್ಲೂ ನಿನ್ ಬುಟ್ಟಿ ಯಾಕೆ ಖಾಲಿ?"

ಅಕ್ಕ ದನಿ ತಗ್ಗಿಸಿದಳು. "ಲೋ, ಪಕ್ಕದಲ್ಲಿ ಕೂತವರನ್ನ ದೋಣಿಯಿಂದ ತಳ್ಳೋಕೆ ಯಾವ ಬಟನ್ನೋ?"

"ಅಂಥ ಬಟನ್ ಇಲ್ಲ ಅಕ್ಕಾ."

"ಮತ್ತೆ ಇಂಥದ್ದನ್ನ ಯಾರು ಕೊಂಡ್ಕೋತಾರೋ!" ಎಂದು ಫೋನ್ ಕುಕ್ಕಿದಳು.